ಮಾಮಾನ ತಾಳ, ನನ್ನ ಕಂಪ್ಯೂಟರು

ನನ್ನ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತವೆ. ಮೇಲಿನದು ಲಿನಕ್ಸ್, ಕೆಳಗಿನದು ವಿಂಡೋಸ್. ಹತ್ತು ಎಣಿಸುವಷ್ಟರಲ್ಲಿ ಯಾವುದು ಬೇಕೆಂದು ಹೇಳದಿದ್ದರೆ ಅದು ತಾನೇ ಮೇಲಿನದನ್ನು ಆರಿಸಿಕೊಂಡು ಹೊರಟುಬಿಡುತ್ತದೆ. ಹಾಡು ರೆಕಾರ್ಡ್ ಮಾಡುವುದಿದ್ದರೆ ಮೇಲಿನದು, ಶಾಲೆಯ ಪ್ರಶ್ನೆಪತ್ರಿಕೆ ತೆಗೆಯುವುದಿದ್ದರೆ ಕೆಳಗಿನದು. ನಮ್ಮ ಮನೆಯವರಿಗೆ ಇದೊಂದು ತಮಾಷೆ. ನಿನ್ನ ಕಂಪ್ಯೂಟರಿಗೆ ತವರುಮನೆ ಬೇರೆ, ಗಂಡನ ಮನೆ ಬೇರೆ ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ.

ಬಂದವರು ಇಷ್ಟೆಲ್ಲ ಯಾಕೆ ಎಂದು ಕೇಳುತ್ತಾರೆ. ಹಳೆಯದರಲ್ಲಿ ದನಿ ತಡವಾಗಿ ಬರುತ್ತಿತ್ತು, ಅದಕ್ಕೆ ಎಂದು ಹೇಳಿ ಚಹಾ ಇಡಲು ಎದ್ದು ಹೋಗುತ್ತೇನೆ. ಹೇಳಿದ್ದು ಸುಳ್ಳಲ್ಲ. ಆದರೆ ಹೇಳದೆ ಉಳಿಸಿಕೊಂಡದ್ದೇ ಹೆಚ್ಚು. ನನ್ನ ಸೋದರಮಾವ ಮೂವತ್ತು ವರ್ಷ ಮುಂದೆ ಕೂತು ಹಾಡಿಸಿದ ಭಜನೆಯನ್ನು ನನ್ನ ಒಂದು ಮಾತಿಗೆ ಬಿಟ್ಟುಕೊಟ್ಟರು. ಆ ಮಾತು ತಪ್ಪಾಗಿತ್ತು. ತಪ್ಪು ಎಂದು ಗೊತ್ತಾದ ಮೇಲೂ ನಾನು ಐದು ತಿಂಗಳು ಅವರ ಹತ್ತಿರ ಹೋಗಿ ಹೇಳಲಿಲ್ಲ. ಆ ಐದು ತಿಂಗಳು ನಾನು ಆಪರೇಟಿಂಗ್ ಸಿಸ್ಟಂ ಆರಿಸುತ್ತಿದ್ದೆ.

ನಾವು ಇರುವುದು ಮಸ್ಕಿಯಲ್ಲಿ. ನಾನು ಬಳಗಾನೂರು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಮನೆಯವರು ದಿನಾ ಲಿಂಗಸುಗೂರಿಗೆ ನೌಕರಿಗೆ ಹೋಗಿ ಬರುತ್ತಾರೆ. ತಪ್ಪು ತಿದ್ದುವುದು ನನ್ನ ಕಸುಬು, ಮತ್ತೆ ನನ್ನ ಚಟ. ಮದುವೆಯ ಕರೆಯೋಲೆಯಲ್ಲೂ ಕಾಗುಣಿತದ ತಪ್ಪು ಹುಡುಕುತ್ತೇನೆ. ಅನ್ನ ಬಡಿಸುತ್ತಿರುವಾಗಲೇ ಎದುರಿನವರ ಲೆಕ್ಕ ತಪ್ಪಿದ್ದರೆ ಹೇಳಿಬಿಡುತ್ತೇನೆ. ಹೇಳುವ ರೀತಿ ಸ್ವಲ್ಪ ಒರಟು ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು.

ಮಾಮಾ ಇರುವುದು ಪಾಮನಕಲ್ಲೂರಿನಲ್ಲಿ. ಎದುರಿಗೆ ಮಾತಾಡುವಾಗ ಅವರಿಗೆ ನಾನು ನೀ ಎಂದೇ ಅನ್ನುವುದು, ಚಿಕ್ಕಂದಿನಿಂದ ಬಂದದ್ದು. ಬರೆಯುವಾಗ ಮಾತ್ರ ಕೈ ಬರುವುದಿಲ್ಲ. ತೊಗರಿ, ಸಜ್ಜೆ ಬೆಳೆಯುವ ಮನುಷ್ಯ. ಮಕ್ಕಳು, ಸೊಸೆಯರು, ಎಮ್ಮೆ, ಮೇಕೆ ಎಂದು ತುಂಬಿದ ಮನೆ. ಸೋಮವಾರ ಸಂಜೆ ಗುಡಿಯಲ್ಲಿ ಭಜನೆ. ಮುಂದಿನ ಸಾಲಿನಲ್ಲಿ ತಾಳ ಹಿಡಿದು ಕೂತವನು ಒಂದು ಸಾಲು ಹಾಡಬೇಕು, ಹಿಂದೆ ಕೂತ ಹಿಮ್ಮೇಳ ಅದೇ ಸಾಲನ್ನು ಎತ್ತಿಕೊಂಡು ಹಾಡಬೇಕು, ಅವರು ಮುಗಿಸಿದ ಮೇಲೆ ಮುಂದಿನ ಸಾಲು. ತಾಳ ಹಿಡಿದವನು ಹಿಂದಿನವರ ಸಾಲನ್ನು ತುಳಿಯಬಾರದು, ಇದು ಮಾಮಾ ಎಲ್ಲಕ್ಕಿಂತ ಹೆಚ್ಚು ಪಾಲಿಸುತ್ತಿದ್ದ ನಿಯಮ. ಹಿಮ್ಮೇಳದಲ್ಲಿ ಯಾರೋ ಒಬ್ಬ ಮುದುಕ ಎಳೆದುಕೊಂಡು ಹಿಂದೆ ಉಳಿದರೂ ಅವನ ಕೊನೆಯ ಅಕ್ಷರ ಬೀಳುವವರೆಗೆ ಕಾಯುತ್ತಿದ್ದರು. ದನಿ ಅವನದೂ ಇರಲಿ ಎನ್ನುತ್ತಿದ್ದರು.

ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋದಾಗ ಅವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ನನ್ನ ಮೊಣಕಾಲಿನ ಮೇಲೆ ತಾಳ ತಟ್ಟುತ್ತಿದ್ದರು. ನಾನು ಹಾಡಬೇಕಾಗಿರಲಿಲ್ಲ, ಬರೀ ಕೇಳಬೇಕು, ಎಲ್ಲಿ ತಪ್ಪಿತೋ ಅಲ್ಲಿ ಅವರ ಕೈ ಹಿಡಿಯಬೇಕು. ಬೇಕೆಂದೇ ತಪ್ಪಿಸುತ್ತಿದ್ದರು. ನಾನು ಗಬಕ್ಕನೆ ಕೈ ಹಿಡಿದರೆ ಮನೆಯೆಲ್ಲ ಕೇಳುವಂತೆ ನಗುತ್ತಿದ್ದರು. ನನ್ನ ಈ ತಿದ್ದುವ ಚಟಕ್ಕೆ ಮೊದಲು ನೀರೆರೆದವರು ಅವರೇ ಎಂದು ಈಗ ಅನ್ನಿಸುತ್ತದೆ.

ಅವರು ಹಾಡುವುದರಲ್ಲಿ ಒಂದು ಆಟವಿತ್ತು. ಸಾಲಿನ ಕೊನೆಯ ಮಾತನ್ನು ಗಾಳಿಯಲ್ಲಿ ತೂಗಹಾಕಿ ಬಿಡುತ್ತಿದ್ದರು. ತಾಳದ ಪೆಟ್ಟು ಬರುತ್ತಿದೆ, ಬಂತು, ಈ ಸಲ ಬಿದ್ದೇಬಿಟ್ಟರು ಎಂದು ಕೂತವರೆಲ್ಲ ಉಸಿರು ಹಿಡಿದಾಗ ಎಲ್ಲಿಂದಲೋ ಬಂದು ಸರಿಯಾದ ಜಾಗದಲ್ಲಿ ಕೂರುತ್ತಿದ್ದರು. ಕಣ್ಣು ಮುಚ್ಚಿಕೊಂಡೇ ಹಾಡುವುದು. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಅವರ ಹಾಡುಗಳನ್ನು ನೀಟಾಗಿ ರೆಕಾರ್ಡ್ ಮಾಡಬೇಕೆಂಬ ಆಸೆ ನನ್ನದು. ಮೊಬೈಲಿನಲ್ಲಿ ಹಿಡಿದವು ಬಹಳ ಇದ್ದವು, ಎಲ್ಲದರಲ್ಲೂ ಕೆಮ್ಮು, ಮಕ್ಕಳ ಅಳು, ಬೈಕಿನ ಸದ್ದು. ಸಿಂಧನೂರಿನಲ್ಲಿ ಒಬ್ಬರು ಮಾರುತ್ತಿದ್ದ ಹಳೆಯ ಮೈಕು, ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಒಂದು ಡಬ್ಬಿ, ಒಂದು ದೊಡ್ಡ ಹೆಡ್‌ಫೋನು ತಂದೆ. ನಮ್ಮ ಮನೆ ಬಸ್ಸಿನ ರಸ್ತೆಗೆ ಹತ್ತಿರ, ಹಾರ್ನ್ ಸದ್ದು ಒಳಗೆ ಬಾರದಿರಲೆಂದು ಕಿಟಕಿಗೆ, ಬಾಗಿಲಿಗೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತೂಗುಹಾಕಿದೆ. ಫ್ಯಾನ್ ಬಂದ್. ಕೋಣೆಯೊಳಗೆ ಹೋದವರು ಬೆವರು ಒರೆಸಿಕೊಳ್ಳುತ್ತಲೇ ಹೊರಗೆ ಬರಬೇಕು.

ಮುದಗಲ್‌ನಿಂದ ತಬಲಾ ಬಾರಿಸುವ ಒಬ್ಬರು ಬರುವುದಕ್ಕೆ ಒಪ್ಪಿದರು, ಆದರೆ ಅವರಿಗೆ ಬಿಡುವು ಭಾನುವಾರ ಮಾತ್ರ. ಮಾಮಾನಿಗೆ ಆ ಭಾನುವಾರ ಆಗಲಿಲ್ಲ. ಹೀಗಾಗಿ ಮೊದಲು ತಬಲಾ ರೆಕಾರ್ಡ್ ಮಾಡಿಟ್ಟುಕೊಂಡೆ. ದೊಡ್ಡ ಸ್ಟುಡಿಯೋಗಳಲ್ಲೂ ಹೀಗೇ ಮಾಡುತ್ತಾರಂತೆ: ಒಬ್ಬರು ಬಾರಿಸಿ ಹೋಗಿರುತ್ತಾರೆ, ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಇನ್ನೊಬ್ಬರು ಹಾಡುತ್ತಾರೆ. ಇಷ್ಟು ತಿಳಿದುಕೊಂಡದ್ದಕ್ಕೇ ನನಗೆ ಸ್ವಲ್ಪ ಕೊಂಬು ಬಂದಿತ್ತು.

ದಸರಾ ರಜೆಯಲ್ಲಿ ಒಂದು ದಿನ ಬೆಳಗಿನ ಬಸ್ಸಿಗೆ ಮಾಮಾ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಚೀಲದಲ್ಲಿ ನಮಗೆ ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಮತ್ತೆ ಬಟ್ಟೆಯಲ್ಲಿ ಸುತ್ತಿದ ತಾಳ. ತಾಳ ಬೇಡ ಮಾಮಾ, ತಬಲಾ ಆಗಲೇ ಇದೆ, ನೀನು ಹಾಡಿದರೆ ಸಾಕು ಎಂದೆ. ಕೈ ಖಾಲಿ ಇಟ್ಟುಕೊಂಡು ಹಾಡುವುದು ಹೇಗೆ ಎಂದು ಒಂದು ಸಲ ಕೇಳಿ ಅದನ್ನು ತಿರುಗಿ ಚೀಲಕ್ಕೆ ಹಾಕಿದರು. ಹೆಡ್‌ಫೋನ್ ಹಾಕಿದಾಗ ರುಮಾಲು ತೆಗೆಯಬೇಕಾಯಿತು. ಬರಿದಲೆಯಲ್ಲಿ ಅವರು ಕೂತದ್ದನ್ನು ನಾನು ಅಷ್ಟರವರೆಗೆ ನೋಡಿರಲಿಲ್ಲ.

ಮೊದಲ ಸಾಲು ಎತ್ತಿದರು. ಎರಡನೆಯದಕ್ಕೇ ನಿಧಾನವಾದರು. ತಬಲಾ ಮುಂದೆ ಹೋಗುತ್ತಿದೆ, ಇವರು ಹಿಂದೆ. ನಿಲ್ಲಿಸಿ ಮತ್ತೆ ಶುರು ಮಾಡಿಸಿದೆ. ಮತ್ತೆ ಹಾಗೇ. ಸಾಲಿನ ನಡುವೆ ನಿಂತುಬಿಡುತ್ತಿದ್ದರು, ಯಾರಿಗೋ ದಾರಿ ಬಿಟ್ಟವರ ಹಾಗೆ. ಮೂರನೆಯ ಸಲಕ್ಕೆ ಹೆಡ್‌ಫೋನಿನ ಒಂದು ಕಿವಿ ಎತ್ತಿ ನನ್ನ ಕಡೆ ನೋಡಿದರು.

"ಹಿಂದ ಯಾರೋ ಹಾಡಾಕತ್ತಾರಲ್ಲಬೇ."

"ಯಾರೂ ಇಲ್ಲ ಮಾಮಾ. ಅದು ನಿಂದಽ ದನಿ. ನೀ ಅದನ್ನ ಕೇಳಬ್ಯಾಡ, ತಬಲಾ ಕೇಳು."

ಒಂಬತ್ತನೇ ತರಗತಿಗೆ ವರ್ಷವೂ ಪ್ರತಿಧ್ವನಿಯ ಪಾಠ ಮಾಡುವವಳು ನಾನು. ದನಿ ಹೋಗಿ ತಿರುಗಿ ಬರಲು ಹೊತ್ತು ಹಿಡಿಯುತ್ತದೆ ಎಂದು ಹಲಗೆಯ ಮೇಲೆ ಗೆರೆ ಹಾಕಿ ತೋರಿಸುತ್ತೇನೆ. ಅವತ್ತು ಆ ಕೋಣೆಯಲ್ಲಿ ಒಬ್ಬ ಮನುಷ್ಯ ಕಿವಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದ. ನಾನು ಅದನ್ನು ತಿದ್ದಿದೆ.

ಹತ್ತು ಸಲವಾದರೂ ಹಾಡಿಸಿರಬೇಕು. ಸೆಕೆ, ನನ್ನ ಸಿಟ್ಟು, ಅವರ ಬೆವರು. ನಿನ್ನ ದನಿ ಕೇಳಬೇಡ ಎಂದು ಹೆಡ್‌ಫೋನಿನಲ್ಲಿ ಅವರ ದನಿ ತೆಗೆದು ಬರೀ ತಬಲಾ ಬಿಟ್ಟೆ. ಆಗ ಸಲೀಸಾಗಿ ಹಾಡಿದರು, ಪೂರ್ತಿ ಹಾಡಿದರು, ಮುಖದಲ್ಲಿ ಸಮಾಧಾನ ಬಂತು. ಈಗ ಸರಿಹೋಯಿತು ಎಂದುಕೊಂಡು ಹಾಕಿ ಕೇಳಿದರೆ ಮೊದಲಿಂದ ಕೊನೆಯವರೆಗೆ ಪ್ರತಿ ಸಾಲೂ ತಬಲಾದ ಪೆಟ್ಟಿಗಿಂತ ಹಿಂದೆ ಬಿದ್ದಿತ್ತು. ನನಗೆ ಅನುಮಾನವೇ ಉಳಿಯಲಿಲ್ಲ. ಮಾತಾಡುವ ಮೊದಲು ಒಂದು ಸಲ ಉಸಿರು ತೆಗೆದುಕೊಳ್ಳಬಹುದಿತ್ತು.

"ಮಾಮಾ, ನಿನ್ನ ತಾಳ ಹೋಗೈತಿ. ನೀನಽ ಕೇಳು."

ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಒಂದು ಹಾಡು ಪೂರ್ತಿ ಕೇಳಿದರು. ಆಮೇಲೆ ಹೆಡ್‌ಫೋನ್ ತೆಗೆದು, ಹೆಗಲ ಮೇಲಿನ ವಸ್ತ್ರದಿಂದ ಅದರ ಬೆವರು ಒರೆಸಿ ಮೇಜಿನ ಮೇಲಿಟ್ಟರು. ಹೌದು ಬೇ, ಹೋಗೈತಿ ಎಂದರು. ಊಟ ಮಾಡಿದರು, ಮಕ್ಕಳ ಓದು ವಿಚಾರಿಸಿದರು, ಮಧ್ಯಾಹ್ನದ ಬಸ್ಸಿಗೆ ಹೊರಟರು. ಬಸ್ ಹತ್ತಿಸಲು ನಮ್ಮ ಮನೆಯವರು ಹೋಗಿದ್ದರು. ನಾನು ಕೌದಿ ಬಿಚ್ಚಿ ಮಡಚಿಡುತ್ತಿದ್ದೆ.

ಮುಂದಿನ ವಾರ ಅತ್ತಿಯ ಫೋನ್ ಬಂತು, ಅಂದರೆ ಮಾಮಾನ ಹೆಂಡತಿಯದು. ಸೋಮವಾರ ಮಂಗಳಾರತಿಗೆ ಮುಂಚೆ ಮಾಮಾ ತಾಳವನ್ನು ಕಣ್ಣಿಗೊತ್ತಿಕೊಂಡು ಹಿಂದಿನ ಸಾಲಿನಲ್ಲಿದ್ದ, ಮನೆ ಕಟ್ಟುವ ಒಬ್ಬ ಗೌಂಡಿಯ ಕೈಗೆ ಕೊಟ್ಟು, ಅವನ ಜಾಗದಲ್ಲಿ ತಾವು ಹೋಗಿ ಕೂತರಂತೆ. ಯಾಕೆಂದು ಕೇಳಿದರೆ ವಯಸ್ಸಾಯಿತು ಎಂದಷ್ಟೇ ಹೇಳಿದರಂತೆ. ನಮ್ಮ ಕಡೆ ತಾಳ ಕೈ ಬದಲಾಯಿಸುವುದು ಸುಮ್ಮನೆ ಆಗುವ ಕೆಲಸವಲ್ಲ. ಮಾಮಾನಿಗೆ ಅದನ್ನು ಕೊಟ್ಟವರು ಹಲ್ಲೆಲ್ಲ ಹೋಗಿ, ಮಾತು ತೊದಲುವಾಗ ಕೊಟ್ಟಿದ್ದರು. ಕೊಟ್ಟ ಮೇಲೆ ತಿರುಗಿ ಕೇಳಿದವರು ಯಾರೂ ಇಲ್ಲ. ಮಾಮಾನ ಹಲ್ಲು ಇನ್ನೂ ಗಟ್ಟಿ ಇದ್ದವು.

ನಿಜ ಹೇಳಬೇಕು. ಆ ಸುದ್ದಿ ಕೇಳಿ ನನಗೆ ಬೇಸರವಾಯಿತು, ಆದರೆ ಅವರು ಮಾಡಿದ್ದು ಸರಿ ಎಂದೂ ಅನ್ನಿಸಿತು. ಜನ ಆಡಿಕೊಳ್ಳುವ ಮೊದಲೇ ಬಿಟ್ಟರಲ್ಲ ಎಂದು ಅವರ ಮರ್ಯಾದೆ ಉಳಿಸಿದವಳ ಹಾಗೆ ಮನೆಯಲ್ಲಿ ಮಾತಾಡಿದೆ. ಅದು ನೆನಪಾದರೆ ಈಗ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ದೀಪಾವಳಿ ಆದ ಮೇಲೆ ಒಂದು ಭಾನುವಾರ ಅದೇ ತಬಲಾಕ್ಕೆ ನಾನು ಹಾಡಿ ನೋಡಿದೆ. ಹಾಕಿ ಕೇಳಿದರೆ ನಾನೂ ಹಿಂದೆ. ಮತ್ತೆ ಹಾಡಿದೆ, ಮತ್ತೆ ಹಿಂದೆ, ಅಷ್ಟೇ ಹಿಂದೆ. ಮನುಷ್ಯರು ತಪ್ಪಿದರೆ ಒಂದು ಸಲ ಹೆಚ್ಚು ತಪ್ಪುತ್ತಾರೆ, ಒಂದು ಸಲ ಕಡಿಮೆ. ಇದು ಪ್ರತಿ ಸಲವೂ ಗೆರೆ ಎಳೆದ ಹಾಗೆ ಒಂದೇ ಅಳತೆ. ಹೆಡ್‌ಫೋನನ್ನು ತೆಗೆದು ಮೈಕಿನ ಬಾಯಿಗೆ ಹಿಡಿದು, ತಬಲಾ ಹಾಕಿ, ಅದನ್ನೇ ರೆಕಾರ್ಡ್ ಮಾಡಿದೆ. ಅಲ್ಲಿ ಹಾಡುವವರು ಯಾರೂ ಇರಲಿಲ್ಲ, ತಬಲಾದ ದನಿ ಹೊರಗೆ ಬಂದು ಒಳಗೆ ಹೋಯಿತು ಅಷ್ಟೆ. ಕಂಪ್ಯೂಟರು ಅದನ್ನೂ ಹಿಂದೆಯೇ ಬರೆದುಕೊಂಡಿತ್ತು.

ಮಾಮಾ ತಾಳ ತಪ್ಪಿರಲಿಲ್ಲ. ದನಿ ಕಂಪ್ಯೂಟರಿನ ಒಳಗೆ ಹೋಗಿ ಹೆಡ್‌ಫೋನಿಗೆ ಬರುವಷ್ಟರಲ್ಲಿ ತಡವಾಗುತ್ತಿತ್ತು, ಅವರು ಹಾಡಿದ್ದು ಅವರಿಗೇ ಹಿಂದಿನಿಂದ ಕೇಳಿಸುತ್ತಿತ್ತು. ರೆಕಾರ್ಡ್ ಆಗುವಾಗಲೂ ಅದೇ ತಡ. ಡಬ್ಬಿಗೆ ಬೇಕಾದ ಡ್ರೈವರ್ ಎಂಬ ಸಾಫ್ಟ್‌ವೇರ್ ಹಾಕದೆ, ಏನನ್ನೂ ಪರೀಕ್ಷೆ ಮಾಡದೆ, ತಂದ ದಿನವೇ ಕೂರಿಸಿಬಿಟ್ಟಿದ್ದೆ. ಕಂಪ್ಯೂಟರಿನ ತಪ್ಪು ಎಂದು ಹೇಳಿ ಕೈ ತೊಳೆದುಕೊಳ್ಳುವ ಹಾಗೂ ಇರಲಿಲ್ಲ.

ಪಾಮನಕಲ್ಲೂರಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಮರುದಿನ ಸೋಮವಾರ. ಹೋಗಿ ಗುಡಿಯಲ್ಲಿ ಎಲ್ಲರ ಮುಂದೆ ಹೇಳಿದ್ದರೆ ತಾಳ ಇನ್ನೂ ಹೊಸ ಕೈಗೆ ಹೊಂದಿರುತ್ತಿರಲಿಲ್ಲ. ನಾನು ಹೋಗಲಿಲ್ಲ. ಬರಿಗೈಯಲ್ಲಿ ಹೋಗಿ ತಪ್ಪಾಯಿತು ಅನ್ನುವುದು ನನಗೆ ಬರುವುದಿಲ್ಲ. ಮೊದಲು ಕಂಪ್ಯೂಟರ್ ಸರಿಮಾಡಿಕೊಳ್ಳುತ್ತೇನೆ, ಆಮೇಲೆ ಅದನ್ನು ತೆಗೆದುಕೊಂಡು ಹೋಗಿ ಸಾಬೀತು ಮಾಡಿ ತೋರಿಸುತ್ತೇನೆ ಎಂದುಕೊಂಡೆ. ಮನೆಯವರು ಮೊದಲು ಒಂದು ಫೋನಾದರೂ ಮಾಡು ಎಂದರು. ಫೋನಿನಲ್ಲಿ ಇಂಥದ್ದೆಲ್ಲ ತಿಳಿಸುವುದಕ್ಕಾಗುವುದಿಲ್ಲ ಎಂದು ಅವರ ಮೇಲೆಯೇ ರೇಗಿದೆ.

ಸಿಂಧನೂರಿನಲ್ಲಿ ಮದುವೆ ಹಾಡು ರೆಕಾರ್ಡ್ ಮಾಡುವ ಒಂದು ಸ್ಟುಡಿಯೋ ಇದೆ. ಅದರ ಮಾಲಕರು ಡಬ್ಬಿಯನ್ನು ತಿರುಗಿಸಿ ನೋಡಿ, ಇದು ಹಳೆಯದು, ನಿಮ್ಮ ಹೊಸ ವಿಂಡೋಸಿಗೆ ಇದರ ಡ್ರೈವರ್ ಸಿಗಲಿಕ್ಕಿಲ್ಲ, ಹಳೆಯ ವಿಂಡೋಸ್ ಹಾಕಿ, ಇಲ್ಲದಿದ್ದರೆ ನಮ್ಮ ಹಾಗೆ ಆ್ಯಪಲ್ ತೆಗೆದುಕೊಳ್ಳಿ ಎಂದರು. ಎರಡನೆಯದು ನಮ್ಮಂಥವರ ಮಾತಲ್ಲ. ಲಿಂಗಸುಗೂರಿನ ಕಂಪ್ಯೂಟರ್ ಅಂಗಡಿಯವರು ಹಳೆಯ ವಿಂಡೋಸ್ ಬೇಡವೇ ಬೇಡ, ಇಂಟರ್‌ನೆಟ್ ಹಚ್ಚಿದರೆ ವೈರಸ್ ಹೊಕ್ಕುತ್ತದೆ ಎಂದರು. ಲಿನಕ್ಸ್ ಎಂದದ್ದಕ್ಕೆ ಮೂಗು ಮುರಿದರು. ಬಿಟ್ಟಿ ಸಿಗುವುದರಲ್ಲಿ ಏನಿರುತ್ತದೆ ಟೀಚರ್, ಕೆಟ್ಟರೆ ನಮ್ಮ ಹತ್ತಿರ ತರಬೇಡಿ ಎಂದು ಮೊದಲೇ ಹೇಳಿಟ್ಟರು. ಕೊನೆಗೆ ಮನೆಯವರ ಆಫೀಸಿನ ಒಬ್ಬರು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿ ಕೊಟ್ಟರು. ಅದನ್ನು ಚುಚ್ಚಿ ಆನ್ ಮಾಡಿದರೆ ಸಾಕು, ಒಳಗಿನದನ್ನು ಮುಟ್ಟದೆ ಹೊರಗಿನಿಂದಲೇ ನಡೆಯುತ್ತದೆ.

ಮೊದಲ ದಿನವೇ ತಡ ಬಹಳಷ್ಟು ಕಡಿಮೆಯಾಗಿತ್ತು. ಡಬ್ಬಿಯನ್ನು ಅದು ಏನೂ ಕೇಳದೆ ಗುರುತಿಸಿತು. ಅವತ್ತೇ ಬಸ್ ಹತ್ತಬಹುದಿತ್ತು. ಆದರೆ ವೈಫೈ ಬರಲಿಲ್ಲ. ವೈಫೈ ಬರುವ ಇನ್ನೊಂದು ಬಗೆಯ ಲಿನಕ್ಸ್ ಹಾಕಿದರೆ ಪ್ರಿಂಟರ್ ಬರಲಿಲ್ಲ. ಮೂರನೆಯದರಲ್ಲಿ ಎರಡೂ ಬಂದವು, ಆದರೆ ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆರೆದರೆ ಕನ್ನಡ ಹೋಗಿ ಎಂಥದೋ ಸೊಟ್ಟ ಅಕ್ಷರ, ಚುಕ್ಕೆ, ಗೀಟು. ಮಾಮಾನ ತಾಳಕ್ಕೂ ಪ್ರಿಂಟರಿಗೂ ಏನು ಸಂಬಂಧ? ಏನೂ ಇಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ, ಒಂದೊಂದು ಸಿಸ್ಟಮ್ಮಿಗೆ ಒಂದೊಂದು ಪಟ್ಟಿ ಮಾಡಿ, ಸರಿ, ತಪ್ಪು ಎಂದು ಗುರುತು ಹಾಕುತ್ತ ಕೂತೆ. ಆ ನೋಟ್‌ಬುಕ್ ಬಹಳ ಚೆಂದವಿತ್ತು.

ಸಂಕ್ರಾಂತಿಯಾದ ಮೇಲೆ ಮುದಗಲ್‌ನಲ್ಲಿ ನಮ್ಮ ಬಳಗದ ಒಂದು ಗೃಹಪ್ರವೇಶ. ಸಂಜೆ ಭಜನೆಗೆ ಪಾಮನಕಲ್ಲೂರಿನ ಮೇಳವೇ ಬಂದಿತ್ತು. ಗೌಂಡಿ ಮುಂದೆ ಕೂತಿದ್ದರು, ಮಾಮಾ ಹಿಂದೆ, ಗೋಡೆಗೆ ಒರಗಿ. ಎಲ್ಲರ ಜೊತೆ ದನಿ ಕೂಡಿಸುತ್ತಿದ್ದರು, ಅವರ ದನಿ ಯಾವುದೆಂದು ಹುಡುಕಿದರೂ ಸಿಗದಷ್ಟು ಸಣ್ಣಗೆ. ಊಟಕ್ಕೆ ನನ್ನ ಪಕ್ಕದಲ್ಲೇ ಕೂತರು. ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಸಿಗುತ್ತಿರಲಿಲ್ಲ. ಅವರೇ ಮಾತು ತೆಗೆದು ಕಂಪ್ಯೂಟರ್ ಏನಂತದೆ ಎಂದು ಕೇಳಿದರು.

"ಇನ್ನೂ ಸೆಟ್ ಆಗಿಲ್ಲ ಮಾಮಾ. ಯಾವ ಸಿಸ್ಟಂ ಇಡಬೇಕು ಅಂತ ನೋಡಾಕತ್ತೀನಿ," ಎಂದೆ.

ಆಗಲಿ, ಸಾವಕಾಶ ನೋಡು ಎಂದು ತಮ್ಮ ಎಲೆಯ ಹೋಳಿಗೆಯನ್ನು ನನ್ನ ಎಲೆಗೆ ಹಾಕಿದರು. ಆ ಹೋಳಿಗೆ ತಿಂದೆ. ಹೇಳಬೇಕಾದ್ದನ್ನು ಅದರ ಜೊತೆಗೇ ನುಂಗಿದೆ. ಎದುರಿಗೆ ಸುಳ್ಳು ಹೇಳಿರಲಿಲ್ಲ, ಆದರೆ ಜೀವನದಲ್ಲಿ ಅಷ್ಟು ಹೇಡಿಯಾಗಿ ನಾನು ಎಂದೂ ನಡೆದುಕೊಂಡಿರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಮನೆಯವರು ಕಿಟಕಿಯ ಗಾಜು ಏರಿಸಿದರು.

ಆಮೇಲೆ ಎಲ್ಲ ಬೇಗ ಆಯಿತು, ಅಂದರೆ ಮೊದಲಿನಿಂದಲೂ ಬೇಗ ಆಗುವಂಥದ್ದೇ ಆಗಿತ್ತು. ಎರಡನ್ನೂ ಇಟ್ಟುಕೊಂಡರೆ ತಂಟೆಯೇ ಇಲ್ಲ ಎಂದು ಪೆನ್‌ಡ್ರೈವ್ ಕೊಟ್ಟವರು ಹೇಳಿದರು. ಅರ್ಧ ಜಾಗ ವಿಂಡೋಸಿಗೆ, ಅರ್ಧ ಜಾಗ ಲಿನಕ್ಸಿಗೆ. ಉಳಿದಿದ್ದ ಅಷ್ಟಿಷ್ಟು ತಡವನ್ನೂ ಅಳೆದು, ರೆಕಾರ್ಡ್ ಆದದ್ದನ್ನು ಅಷ್ಟೇ ಮುಂದಕ್ಕೆ ಸರಿಸುವ ಹಾಗೆ ಹೊಂದಿಸಿದೆವು. ಹೆಡ್‌ಫೋನನ್ನು ಮೈಕಿಗೆ ಹಿಡಿದು ಮತ್ತೆ ಪರೀಕ್ಷಿಸಿದೆ. ತಬಲಾದ ಪೆಟ್ಟಿನ ಮೇಲೆ ತಬಲಾದ ಪೆಟ್ಟು ಕೂತಿತು. ನೋಟ್‌ಬುಕ್ಕಿನಲ್ಲಿ ಹಾಕಲು ತಪ್ಪು ಗುರುತು ಉಳಿಯಲಿಲ್ಲ. ನೆಪ ಮುಗಿದಿತ್ತು.

ಪರೀಕ್ಷೆಯ ಕೆಲಸ ಮುಗಿದ ಮಾರನೆಯ ದಿನ ಲ್ಯಾಪ್‌ಟಾಪು, ಡಬ್ಬಿ, ಮೈಕು ಎಲ್ಲ ಕಟ್ಟಿಕೊಂಡು ಪಾಮನಕಲ್ಲೂರಿಗೆ ಹೋದೆ. ಮಾಮಾ ಪಡಸಾಲೆಯಲ್ಲಿ ಅತ್ತಿಯ ಜೊತೆ ತೊಗರಿ ಹಸನು ಮಾಡುತ್ತ ಕೂತಿದ್ದರು. ನೀರು ಕುಡಿದೆ, ಚಹಾ ಕುಡಿದೆ. ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರಲಿಲ್ಲ. ತಪ್ಪು ನಂದು ಮಾಮಾ, ನಿನ್ನ ತಾಳ ಹೋಗಿರಲಿಲ್ಲ ಎಂದು ಒಮ್ಮೆಲೇ ಹೇಳಿದೆ. ಅತ್ತಿ ಮೊರ ಕೆಳಗಿಟ್ಟರು.

ಎಲ್ಲ ತೋರಿಸಿದೆ. ಹಳೆಯದರಲ್ಲಿ ಹೆಡ್‌ಫೋನನ್ನು ಮೈಕಿಗೆ ಹಿಡಿದದ್ದು, ಹೊಸದರಲ್ಲಿ ಹಿಡಿದದ್ದು. ಅವರಿಗೆ ತಿಳಿಯಲು ಎರಡು ನಿಮಿಷ ಸಾಕಾಯಿತು. ಎರಡನ್ನೂ ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿದರು. ಐದು ತಿಂಗಳು ನಾನು ಸಾಕ್ಷಿ ಸಿದ್ಧಮಾಡಿದ್ದು ಈ ಎರಡು ನಿಮಿಷಕ್ಕೆ.

"ನಾ ಅವತ್ತಽ ಹೇಳಿದ್ನಲ್ಲಬೇ, ಹಿಂದ ಯಾರೋ ಹಾಡಾಕತ್ತಾರ ಅಂತ," ಎಂದರು. "ಹಿಮ್ಯಾಳದವ್ರು ಜಲ್ದಿ ಎತ್ಗೊಂಡಾರ ಅಂತ ತಿಳ್ಕೊಂಡು ಜಾಗಾ ಬಿಟ್ಕೊಂತ ಹೋದೆ."

ಅವರಿಗೆ ಅದೊಂದೇ ಗೊತ್ತಿದ್ದದ್ದು: ಹಿಂದಿನಿಂದ ದನಿ ಬಂದರೆ ಅದನ್ನು ತುಳಿಯಬಾರದು, ಕಾಯಬೇಕು. ತಮ್ಮದೇ ದನಿಗೆ ದಾರಿ ಬಿಟ್ಟು ನಿಂತಿದ್ದರು. ಹಾಗಿದ್ದರೆ ನೀನು ಮಶೀನಿನ ಮಾತು ಯಾಕೆ ಕೇಳಿದೆ, ಊರಲ್ಲಿ ಯಾರಾದರೂ ಒಂದು ದಿನ ನಿನ್ನ ತಾಳ ತಪ್ಪಿದೆ ಎಂದಿದ್ದರಾ ಎಂದು ಕೇಳಿದೆ. ಅಷ್ಟು ಹೊತ್ತಿಗೂ ನನ್ನ ದನಿಯಲ್ಲಿ ಸಿಟ್ಟಿತ್ತು, ಅವರ ಮೇಲೆಯೇ.

"ಮಶೀನ್ ಮಾತು ಯಾವಾಗ ಕೇಳೀನವ್ವಾ. ನೀ ಹೇಳಿದಿ, ಬಿಟ್ಟೆ. ನಿನ್ನ ಕಿವಿ ನಾನಽ ಮಾಡಿದ್ದು. ಅದು ಸುಳ್ಳು ಹೇಳಂಗಿಲ್ಲ ಅಂತ ನಂಬಿದ್ದೆ."

ಅವರು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ನನ್ನನ್ನು ಸಮಾಧಾನ ಮಾಡುವ ದನಿಯಲ್ಲೇ ಹೇಳಿದರು. ಅತ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೊರ ಎತ್ತಿಕೊಂಡು ಒಳಗೆ ಹೋದರು. ನಾನು ಈ ಸೋಮವಾರ ಗುಡಿಗೆ ಬರುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ, ನೀನು ತಾಳ ತಿರುಗಿ ತೆಗೆದುಕೋ ಎಂದೆ. ಬೇಡಿಕೊಂಡೆ ಎಂದೇ ಹೇಳಬೇಕು. ಅವರು ಬಹಳ ಹೊತ್ತು ತೊಗರಿಯಲ್ಲಿ ಕಲ್ಲು ಹುಡುಕಿದರು. ಆ ಗೌಂಡಿ ದಿನದ ಕೆಲಸ ಮುಗಿಸಿ, ಕೈಯ ಸಿಮೆಂಟ್ ತೊಳೆದುಕೊಂಡು ತಮ್ಮ ಹತ್ತಿರ ಬಂದು ಒಂದೊಂದೇ ಹಾಡು ಕಲಿಯುತ್ತಾನೆ ಎಂದರು. ಒಳ್ಳೆಯದಾಗಿಯೇ ಹಾಡುತ್ತಾನೆ ಎಂದರು.

"ಈಗ ಅವನ ಕೈಯಾಗಿಂದ ಇಸ್ಗೊಂಡ್ರ, ಅವತ್ತು ನನಗ ಆದದ್ದು ನಾಳೆ ಅವನಿಗೂ ಆಕ್ಕೈತಿ. ಬ್ಯಾಡ."

ತಪ್ಪು ಗೊತ್ತಾದ ಮರುದಿನವೇ ಬಂದಿದ್ದರೆ ಈ ಮಾತು ಬರುತ್ತಿರಲಿಲ್ಲ, ಆಗ ಗೌಂಡಿ ಮೂರೋ ನಾಲ್ಕೋ ವಾರ ಮುಂದೆ ಕೂತಿದ್ದರು ಅಷ್ಟೆ. ಅದನ್ನು ಮಾಮಾ ಹೇಳಲಿಲ್ಲ. ಅವರು ಲೆಕ್ಕ ಹಾಕದಿದ್ದರೆ ನಾನು ಹಾಕದೆ ಬಿಡುವವಳೇ?

ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. ಇಷ್ಟೆಲ್ಲ ಹೊತ್ತು ತಂದಿದ್ದೀ, ಒಂದು ಹಾಡು ಹಿಡಿದುಕೋ ಎಂದರು. ಒಳಗಿನ ಕೋಣೆಯಲ್ಲಿ ತೊಗರಿ ಚೀಲಗಳ ನಡುವೆ ಕೂತೆವು. ಈ ಸಲ ಹೆಡ್‌ಫೋನಿನ ಒಂದು ಕಿವಿ ಮಾತ್ರ ಹಾಕಿದೆ, ರುಮಾಲು ತೆಗೆಸಲಿಲ್ಲ. ತಬಲಾ ಶುರುವಾಯಿತು. ಮಾಮಾ ಹಾಡಿದರು. ದನಿ ಹಾಗೇ ಇತ್ತು, ಗಟ್ಟಿ, ಸ್ವಲ್ಪ ಒರಟು. ಎಲ್ಲೂ ಹಿಂದೆ ಬೀಳಲಿಲ್ಲ, ಎಲ್ಲೂ ಮುಂದೆ ಓಡಲಿಲ್ಲ. ಕೊನೆಯ ಮಾತನ್ನು ತೂಗಹಾಕಿ ಬಿಡುವ ಆಟ ಮಾತ್ರ ಒಂದು ಸಲವೂ ಆಡಲಿಲ್ಲ. ಮತ್ತೆ ಈ ಸಲ ಕಣ್ಣು ತೆರೆದಿದ್ದರು.

ಮುಗಿದ ಮೇಲೆ ಬರಾಬರಿ ಐತೇನು ಎಂದು ಕೇಳಿದರು. ಐತಿ ಮಾಮಾ ಎಂದೆ. ಅವರು ರುಮಾಲು ಸರಿಮಾಡಿಕೊಂಡು ಎದ್ದು ಎಮ್ಮೆಗೆ ನೀರಿಡಲು ಹೋದರು.

ಆ ಒಂದು ಹಾಡು ನನ್ನ ಲ್ಯಾಪ್‌ಟಾಪಿನಲ್ಲಿದೆ. ಕೇಳಿದವರೆಲ್ಲ ಮೆಚ್ಚಿದ್ದಾರೆ. ಸಿಂಧನೂರಿನ ಸ್ಟುಡಿಯೋದವರೂ ಕೇಳಿ, ತಾಳ ಎಷ್ಟು ನೇರ ಇದೆ ನೋಡ್ರಿ ಎಂದರು. ಪ್ರತಿ ಸಾಲಿನ ಕೊನೆಗೆ ಒಂದು ಸಣ್ಣ ಬಿಡುವಿದೆ, ಅಲ್ಲಿ ಉಸಿರು ತೆಗೆದುಕೊಂಡಿರಬೇಕು ಎಂದು ಅವರು ತಿಳಿದಿದ್ದಾರೆ. ಅದು ಉಸಿರಲ್ಲ. ಸರಿಯಾಯಿತೋ ಇಲ್ಲವೋ ಎಂದು ಮಾಮಾ ನನ್ನ ಮುಖ ನೋಡಿದ ಹೊತ್ತು.